ಪದಚರ್ಚೆ: ‘ಹಿಮ್ಮುಖ ಬೆಂಕಿ’ ಎಂದರೆ ಯಾವ ಬೆಂಕಿ? ಶೇ. 120 ತೇವಾಂಶ ಇರಲು ಸಾಧ್ಯವೇ?

ಪ್ರಶ್ನೆ

ಕಾಡು, ಹುಲ್ಲುಗಾವಲುಗಳ ಒಳಿತಿಗೆಂದೇ ತರಗು, ಹುಲ್ಲನ್ನು ಬೇಕೆಂದು ಸುಡುವುದುಂಟು. ಅವನ್ನು ನೋಡಿಕೊಳ್ಳುವವರಿಗೆಂದು ಇರುವ ಇಂಥ ಸುಡುವಿಕೆಯ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ನಾಲ್ಕು ಕಡೆ ಗೊಂದಲವಿದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಒಂದು, ‘ಪ್ರಿಸ್ಕ್ರೈಬ್ಡ್ ಬರ್ನಿಂಗ್’ಗೆ ‘ನಿಯಂತ್ರಿತ ದಹನ’ ಎಂದು ಹಾಕಿದೆ. ಸಾಕೇ? ಎರಡು, ‘ಬ್ಯಾಕಿಂಗ್ ಫೈರ್’, ‘ಬ್ಯಾಕ್‌ಫೈರ್’ ಎರಡಕ್ಕೂ ‘ಹಿಮ್ಮುಖ ಬೆಂಕಿ’ ಎಂದೇ ಬಂದಿದೆ. ಮೂರು, ‘ಇಂಟೆನ್ಸಿಟಿ’ಯೂ ‘ಸಿವಿಯರಿಟಿ’ಯೂ ‘ತೀವ್ರತೆ’ಯೇ ಆಗಿಬಿಟ್ಟಿವೆ, ಹೀಗಾಗಿ ‘ಬೆಂಕಿಯ ತೀವ್ರತೆ ಕಡಿಮೆಯಿದ್ದರೂ ತೀವ್ರತೆ ಹೆಚ್ಚಿರಬಹುದು’ ಎಂಬ ವಾಕ್ಯ ಹುಟ್ಟಿದೆ! ನಾಲ್ಕು, ‘ಹಸಿರು ಇಂಧನದ (ಅಂದರೆ ಹಸಿ ಸೊಪ್ಪು, ಗಿಡದ) ತೇವಾಂಶ ಶೇ. 120’ ಎಂದಿದೆ. ನೂರು ಮೀರಿದ್ದು ಅಚ್ಚಿನ ತಪ್ಪೇ? ಅದರ ಪಕ್ಕದಲ್ಲೇ ‘10 ಗಂಟೆಯ ಇಂಧನ’ ಎಂದೂ ಇದೆ. ಹತ್ತು ಗಂಟೆ ಉರಿಯುವ ಸೌದೆ ಎಂದು ಅರ್ಥವೇ?

ಮರುಮಾತು

ಕೊನೆಯದರಿಂದ ಶುರು ಮಾಡೋಣ. ಅಲ್ಲಿರುವ ತೊಡಕು ಅಚ್ಚಿನದಲ್ಲ, ಪದದ್ದು. ‘ತೇವಾಂಶ’ದಲ್ಲಿ ‘ಅಂಶ’ ಇದೆ. ಅಂಶವೆಂದರೆ ಪಾಲು, ಪಾಲು ಇಡಿಗಿಂತ ದೊಡ್ಡದಾಗುವುದು ಹೇಗೆ ಎಂದು ಕಿವಿ ತಕರಾರು ತೆಗೆಯುತ್ತದೆ. ಆದರೆ ಕಾಡ್ಗಿಚ್ಚಿನ ಲೆಕ್ಕದಲ್ಲಿ ನೀರಿನ ತೂಕವನ್ನು ಭಾಗಿಸುವುದು ಒಟ್ಟು ತೂಕದಿಂದಲ್ಲ, ಒಣಗಿದ ಮೇಲೆ ಉಳಿದ ತೂಕದಿಂದ. 220 ಗ್ರಾಂ ಹಸಿ ಸೊಪ್ಪನ್ನು ಸುಮಾರು 105 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ 24 ಗಂಟೆ ಇಟ್ಟು, ತೂಕ ಇಳಿಯುವುದು ನಿಂತಾಗ 100 ಗ್ರಾಂ ಉಳಿಯಿತು ಎನ್ನಿ. ಹೋದ ನೀರು 120 ಗ್ರಾಂ, ಅಂದರೆ ಶೇ. 120. ಎಳೆ ಚಿಗುರಿನಲ್ಲಿ ಇದು 200 ದಾಟುವುದೂ ಉಂಟು. ಸತ್ತು ಒಣಗಿದ ಉರುವಲು ಬರೀ ಗಾಳಿಯ ತೇವ ಹೀರಿದರೆ ಸುಮಾರು 30ಕ್ಕೆ ನಿಲ್ಲುತ್ತದೆ. ಅದಕ್ಕಿಂತ ಮೇಲೇರಬೇಕಾದರೆ ಮಳೆಯೋ ಇಬ್ಬನಿಯೋ ತಾಗಬೇಕು.

‘ಒಣತೂಕಕ್ಕೆ ತೇವ’ ಎಂದು ಬರೆಯಿರಿ. ಅಳೆಯುವ ಬಗೆಯೂ ಪದದೊಳಗೇ ಕೂತುಕೊಳ್ಳುತ್ತದೆ. ಅಳತೆ ಕೆಡುವುದು ಸಣ್ಣ ಕಾರಣಗಳಿಂದ: ಇಬ್ಬನಿ ಆರುವ ಮೊದಲೇ ಕೊಯ್ದ ಮಾದರಿ, ಮುಚ್ಚಳ ಸಡಿಲವಾದ ಡಬ್ಬಿ. ಡಬ್ಬಿಯ ತೂಕ ಕಳೆಯಲು ಮರೆಯುವುದಂತೂ ತೀರಾ ಸಾಮಾನ್ಯ. ಡಬ್ಬಿ 50 ಗ್ರಾಂ ಇದ್ದು ಅದನ್ನು ಕಳೆಯದಿದ್ದರೆ ಮೇಲಿನ 120 ಸದ್ದಿಲ್ಲದೆ 80 ಆಗುತ್ತದೆ. ಇನ್ನೊಂದು ಮಾತು: ಗಾಳಿಯದ್ದಕ್ಕೂ ‘ತೇವಾಂಶ’ ಎನ್ನಬೇಡಿ, ‘ಸಾಪೇಕ್ಷ ಆರ್ದ್ರತೆ’ ಎಂದೇ ಇರಲಿ. ಯೋಜನೆಯ ಹಾಳೆಯಲ್ಲಿ ಎರಡೂ ಒಂದರ ಪಕ್ಕ ಒಂದು, ಎರಡೂ ಶೇಕಡಾದಲ್ಲೇ ಇರುತ್ತವೆ. ಅದಲುಬದಲಾದರೆ ಯಾರಿಗೂ ಗೊತ್ತಾಗುವುದಿಲ್ಲ.

‘10 ಗಂಟೆ’ ಉರಿಯುವ ಹೊತ್ತಲ್ಲ, ಒಣಗುವ ಹೊತ್ತು. ಅದೂ ಪೂರ್ತಿ ಒಣಗುವ ಹೊತ್ತಲ್ಲ. ಕಟ್ಟಿಗೆಯಲ್ಲಿ ಈಗಿರುವ ತೇವ ಒಂದು, ಸುತ್ತಲ ಗಾಳಿಗೆ ಹೊಂದಿಕೊಂಡು ಅದು ಕೊನೆಗೆ ನಿಲ್ಲುವ ತೇವ ಇನ್ನೊಂದು. ಈ ಎರಡರ ನಡುವಿನ ಅಂತರದಲ್ಲಿ ಸುಮಾರು ಶೇ. 63 ಕರಗಲು ಹಿಡಿಯುವ ಕಾಲವದು. 20ರಲ್ಲಿರುವ ಕಟ್ಟಿಗೆ 10ಕ್ಕೆ ಇಳಿಯಬೇಕಿದ್ದರೆ, ಹತ್ತು ಗಂಟೆಯ ನಂತರ ಅದು 13.7ರ ಆಸುಪಾಸಿನಲ್ಲಿರುತ್ತದೆ. ಈ ವಿಂಗಡಣೆ ನಿಂತಿರುವುದು ದಪ್ಪದ ಮೇಲೆ, ಮತ್ತು ಇದಕ್ಕೆ ಬೇಕಾದ ಪದಗಳೆಲ್ಲ ಕನ್ನಡದಲ್ಲಿ ಮೊದಲೇ ಇವೆ. 6 ಮಿಲಿಮೀಟರಿಗಿಂತ ಸಣ್ಣದು 1 ಗಂಟೆಯದು: ತರಗು, ಒಣಹುಲ್ಲು, ಕಡ್ಡಿ. 6ರಿಂದ 25 ಮಿಲಿಮೀಟರಿನದು 10 ಗಂಟೆಯದು, ನಮ್ಮ ಪುಳ್ಳೆ. 25ರಿಂದ 75ರದು 100 ಗಂಟೆಯ ಕೊಂಬೆ. 75ರಿಂದ 200 ಮಿಲಿಮೀಟರಿನದು 1000 ಗಂಟೆಯ ಕೊರಡು. ಕೋಷ್ಟಕದಲ್ಲಿ ಗಂಟೆಯ ಜೊತೆ ಈ ಹೆಸರುಗಳನ್ನೂ ಕೊಟ್ಟರೆ ಓದುವವರು ಎಡವುವುದಿಲ್ಲ. ಇದು ಬರೀ ಸೊಗಸಿನ ಮಾತಲ್ಲ. ದೀರ್ಘ ಬರದ ನಂತರ ಒಂದು ತುಂತುರು ಬಿದ್ದರೆ ತರಗು ನೆನೆದು ‘ಇವತ್ತು ಸುರಕ್ಷಿತ’ ಎನಿಸುತ್ತದೆ. ಒಳಗೆ ಕೊರಡು ಒಣಗಿಯೇ ಇರುತ್ತದೆ. ಅದಕ್ಕೆ ಹತ್ತಿದರೆ ದಿನಗಟ್ಟಲೆ ಆರುವುದಿಲ್ಲ.

ಗಮನಿಸಿ, ಇಲ್ಲಿ ‘ಉರುವಲು’ ಎಂದೇ ಬಳಸಿದೆ. ‘ಇಂಧನ’ ತಪ್ಪಲ್ಲ, ಆದರೆ ಇಂದಿನ ಓದುಗರಿಗೆ ಇಂಧನವೆಂದರೆ ಪೆಟ್ರೋಲ್, ಡೀಸೆಲ್. ಕೈಪಿಡಿಯಲ್ಲಿ ಅವೂ ಬರುತ್ತವಲ್ಲ, ಉರಿಯುವ ಎಣ್ಣೆಯನ್ನು ನೆಲಕ್ಕೆ ಹನಿಸುತ್ತ ಬೆಂಕಿ ಹಚ್ಚುವ ‘ಡ್ರಿಪ್ ಟಾರ್ಚ್’ಗೆ (ಹನಿಪಂಜು ಎನ್ನೋಣ) ತುಂಬುವ ಎಣ್ಣೆಯಾಗಿ. ಸಾಮಾನ್ಯ ಬೆರಕೆ ಮೂರರಿಂದ ನಾಲ್ಕು ಪಾಲು ಡೀಸೆಲ್, ಒಂದು ಪಾಲು ಪೆಟ್ರೋಲ್. ಪೆಟ್ರೋಲ್ ಹೆಚ್ಚಾದರೆ ಹನಿ ನೆಲ ಮುಟ್ಟುವ ಮೊದಲೇ ಉರಿದುಹೋಗುತ್ತದೆ, ಆವಿ ಭಗ್ಗನೆ ಹತ್ತಿಕೊಳ್ಳುವ ಅಪಾಯವೂ ಇದೆ. ಡೀಸೆಲ್ ಹೆಚ್ಚಾದರೆ ತೇವದ ತರಗು ಹತ್ತುವುದೇ ಇಲ್ಲ. ಕೊಳವೆಯಲ್ಲಿ ಒಂದು ಸುತ್ತು ಬಳೆ ಇರುವುದು ಉರಿ ಹಿಂದಕ್ಕೆ ಡಬ್ಬಿಯೊಳಗೆ ಹೋಗದಿರಲಿ ಎಂದು. ಗಾಳಿಕಿಂಡಿ ತೆರೆಯದಿದ್ದರೆ ಎಣ್ಣೆ ಇಳಿಯುವುದಿಲ್ಲ. ಪಂಜು ಕೆಟ್ಟಿದೆ ಎಂದು ಹೊಸಬರು ಅಲುಗಾಡಿಸುವುದು ಆಗಲೇ.

ಇನ್ನು ತೀವ್ರತೆ. 1959ರಲ್ಲಿ ಅಮೆರಿಕದ ಕಾಡ್ಗಿಚ್ಚು ಸಂಶೋಧಕ ಬೈರಮ್ ಕೊಟ್ಟ ಸೂತ್ರದಲ್ಲಿ ‘ಇಂಟೆನ್ಸಿಟಿ’ ಎಂದರೆ ಬೆಂಕಿಯ ಅಂಚಿನ ಪ್ರತಿ ಮೀಟರ್ ಉದ್ದಕ್ಕೆ ಸೆಕೆಂಡಿಗೆ ಹೊಮ್ಮುವ ಶಾಖ. ಉರುವಲಿನ ಶಾಖಮೌಲ್ಯ, ಒಂದು ಚದರ ಮೀಟರಿನಲ್ಲಿ ಸುಟ್ಟ ಉರುವಲು, ಬೆಂಕಿ ಸಾಗುವ ವೇಗ, ಈ ಮೂರನ್ನು ಗುಣಿಸಬೇಕು. ಕಿಲೋಗ್ರಾಮಿಗೆ 18,000 ಕಿಲೋಜೂಲ್, ಚದರ ಮೀಟರಿಗೆ ಅರ್ಧ ಕಿಲೋ, ಸೆಕೆಂಡಿಗೆ 5 ಸೆಂಟಿಮೀಟರ್ ಎಂದರೆ ಮೀಟರಿಗೆ 450 ಕಿಲೋವ್ಯಾಟ್. ಆಗ ಜ್ವಾಲೆಯ ಉದ್ದ ಸುಮಾರು 1.3 ಮೀಟರ್. ಜ್ವಾಲೆ 1.2 ಮೀಟರ್ ದಾಟಿದರೆ ಕೈಸಲಕರಣೆ ಹಿಡಿದು ಬೆಂಕಿಯನ್ನು ಅದರ ತಲೆಯ (ಮುನ್ನುಗ್ಗುವ ತುದಿಯ) ಕಡೆಯಿಂದ ಎದುರಿಸಲಾಗದು ಎಂಬುದು ರೂಢಿಯ ಮಿತಿ, ಹಾಗಾಗಿ ಈ ಲೆಕ್ಕ ಆಗಲೇ ಗೆರೆಯಾಚೆಗಿದೆ. ಇದಕ್ಕೆ ‘ತೀವ್ರತೆ’ ಇರಲಿ. ಬೆಳಕು, ಶಬ್ದಗಳ ಪಾಠದಲ್ಲೂ ಅದೇ ಪದವಿದೆ.

‘ಸಿವಿಯರಿಟಿ’ ಉರಿಯುವಾಗಿನ ಅಳತೆಯಲ್ಲ, ಉರಿದ ಮೇಲಿನದು: ಮಣ್ಣಿಗೆ, ಬೇರಿಗೆ, ಮರಕ್ಕೆ ಏನಾಯಿತು ಎಂಬುದು. ಒಣಹುಲ್ಲಿನಲ್ಲಿ ಗಾಳಿಯ ಜೊತೆ ಓಡಿದ ಬೆಂಕಿಯ ತೀವ್ರತೆ ದೊಡ್ಡದು, ಆದರೂ ಬುಡ ಉಳಿದು ಹುಲ್ಲು ಮತ್ತೆ ಚಿಗುರುತ್ತದೆ. ಮರದ ಬುಡದ ಕೊಳೆತ ಎಲೆಪದರದಲ್ಲಿ ಜ್ವಾಲೆಯೇ ಇಲ್ಲದೆ ಎರಡು ದಿನ ಕನಲಿದ ಕೆಂಡದ ತೀವ್ರತೆ ಅತ್ಯಲ್ಪ, ಮರ ಮಾತ್ರ ಸಾಯುತ್ತದೆ. ‘ಸುಟ್ಟಗಾಯ’ ಎನ್ನುವ ಆಸೆಯಾಗುತ್ತದೆ. ಆದರೆ ಒಳ್ಳೆಯದಕ್ಕೆಂದೇ ಸುಟ್ಟದ್ದನ್ನು ಗಾಯ ಎನ್ನುವುದು ಸರಿಯಲ್ಲ. ‘ಸುಡುಪರಿಣಾಮ’ ಸಾಕು. ನಿಮ್ಮ ವಾಕ್ಯ ‘ತೀವ್ರತೆ ಕಡಿಮೆಯಿದ್ದರೂ ಸುಡುಪರಿಣಾಮ ಹೆಚ್ಚಿರಬಹುದು’ ಎಂದಾಗುತ್ತದೆ.

‘ನಿಯಂತ್ರಿತ ದಹನ’ ಸಾಲದು. ನಿಯಂತ್ರಣ ಉಳಿಯಿತೋ ಇಲ್ಲವೋ ಸುಟ್ಟ ಮೇಲೆ ತಿಳಿಯುವ ಸಂಗತಿ. 2022ರ ಏಪ್ರಿಲ್ 6ರಂದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಹೀಗೆ ಹಚ್ಚಿದ ಬೆಂಕಿ ತಡೆಗೆರೆ (ಬೆಂಕಿ ದಾಟದಿರಲೆಂದು ಉರುವಲು ತೆಗೆದ ಪಟ್ಟಿ) ದಾಟಿ ಹರ್ಮಿಟ್ಸ್ ಪೀಕ್ ಕಾಡ್ಗಿಚ್ಚಾಯಿತು. ಅದನ್ನು ‘ನಿಯಂತ್ರಿತ ದಹನ ನಿಯಂತ್ರಣ ತಪ್ಪಿತು’ ಎಂದು ಬರೆಯಬೇಕಾಗುತ್ತದೆ. ‘ಪ್ರಿಸ್ಕ್ರಿಪ್ಷನ್’ ಎಂದರೆ ಹಚ್ಚುವ ಮೊದಲೇ ಬರೆದಿಟ್ಟ ಮಿತಿಗಳು: ಉಷ್ಣಾಂಶ, ಆರ್ದ್ರತೆ, ಗಾಳಿಯ ವೇಗ ಮತ್ತು ದಿಕ್ಕು, ಸಣ್ಣ ಉರುವಲಿನ ತೇವ. ಪೈನ್ ತೋಪಿನಡಿಯ ತರಗು ಸುಡಲು ಆರ್ದ್ರತೆ ಶೇ. 30ರಿಂದ 55, ಮೇಲ್ಪದರದ ತರಗಿನ ತೇವ ಶೇ. 10ರಿಂದ 20 ಎಂಬಂತೆ. ಪ್ರತಿಯೊಂದಕ್ಕೂ ಎರಡು ತುದಿ. ಗಾಳಿಗೂ ಕೆಳಮಿತಿ ಇದೆ ಎಂಬುದನ್ನು ಅನುವಾದಕರು ಅಚ್ಚಿನ ತಪ್ಪೆಂದು ತಿದ್ದಿಬಿಟ್ಟಾರು! ಗಾಳಿಯೇ ಇಲ್ಲದಿದ್ದರೆ ಝಳ ನೆಟ್ಟಗೆ ಮೇಲೇರಿ ಮರದ ತಲೆಯ ಎಲೆ ಕಮರಿಸುತ್ತದೆ, ಬೆಂಕಿ ಯಾವ ಕಡೆ ಹೊರಳುತ್ತದೆಂದೂ ಹೇಳಲಾಗದು.

ಇದಕ್ಕೆ ‘ಕಟ್ಟಳೆ’ ಎಂಬ ಪದ ಸೂಚಿಸುತ್ತೇನೆ: ‘ಕಟ್ಟಳೆಯ ಸುಡುವಿಕೆ’. ಸ್ಥಳದಲ್ಲಿ ಕೇಳಬೇಕಾದ ಪ್ರಶ್ನೆ ‘ಕಟ್ಟಳೆಯೊಳಗಿದೆಯೇ, ಕಟ್ಟಳೆ ಮೀರಿದೆಯೇ?’ ಎಂದು ಸಲೀಸಾಗಿ ಬರುತ್ತದೆ. ‘ಶಿಫಾರಸು ಮಾಡಿದ ದಹನ’ದಿಂದ ಈ ಪ್ರಶ್ನೆ ಹುಟ್ಟುವುದಿಲ್ಲ.

ನಿಜವಾಗಿ ಅಪಾಯವಿರುವುದು ನಿಮ್ಮ ಎರಡನೆಯ ಪ್ರಶ್ನೆಯಲ್ಲಿ. ‘ಬ್ಯಾಕಿಂಗ್ ಫೈರ್’ ಬೆಂಕಿಯ ನಡೆಯ ಹೆಸರು: ಗಾಳಿಗೆ ಎದುರಾಗಿ, ಇಲ್ಲವೇ ಇಳಿಜಾರಿನಲ್ಲಿ ಕೆಳಕ್ಕೆ ಸಾಗುವ ಉರಿ. ಗಂಟೆಗೆ ಸುಮಾರು 20ರಿಂದ 60 ಮೀಟರ್, ಜ್ವಾಲೆ ಗಿಡ್ಡ. ‘ಬ್ಯಾಕ್‌ಫೈರ್’ ಮನುಷ್ಯರ ಕೆಲಸದ ಹೆಸರು: ಬರುತ್ತಿರುವ ಕಾಡ್ಗಿಚ್ಚಿನ ಮುಂದೆ, ತಡೆಗೆರೆಯ ಒಳ ಅಂಚಿನಿಂದ ಬೆಂಕಿ ಕೊಟ್ಟು, ಅದು ಬರುವಷ್ಟರಲ್ಲಿ ಉರುವಲು ಖಾಲಿ ಮಾಡುವುದು. ಆಸ್ಟ್ರೇಲಿಯಾದಲ್ಲಿ ‘ಬ್ಯಾಕ್‌ಬರ್ನ್’ ಎನ್ನುವುದೂ ಇದನ್ನೇ. ಗೊಂದಲಕ್ಕೆ ಕಾರಣವೂ ಇದೆ. ಇಂಥ ಬೆಂಕಿ ಮೊದಮೊದಲು ಗಾಳಿಗೆದುರಾಗಿಯೇ ತೆವಳುತ್ತದೆ; ಕಾಡ್ಗಿಚ್ಚು ಹತ್ತಿರವಾಗಿ ಗಾಳಿಯನ್ನು ತನ್ನೆಡೆಗೆ ಎಳೆದುಕೊಂಡಾಗ ಒಮ್ಮೆಲೇ ಅತ್ತ ನುಗ್ಗುತ್ತದೆ. ಆ ಹೊತ್ತಿಗೆ ಎರಡು ಬೆಂಕಿಗಳ ನಡುವೆ ಒಬ್ಬರೂ ಇರಬಾರದು. ಒಂದೇ ಹೆಸರಿಟ್ಟರೆ ನಿಧಾನದ ಕೆಲಸವೆಂದುಕೊಂಡು ನಿಂತವನ ಮೇಲೆ ಅದು ಬರುತ್ತದೆ.

ಕನ್ನಡದಲ್ಲಿ ದಾರಿಯಿದೆ. ತಾನಾಗಿ ನಡೆಯುವುದಕ್ಕೆ ‘ಉರಿ’, ನಾವು ಕೊಡುವುದಕ್ಕೆ ‘ಬೆಂಕಿ’. ‘ಹಿಮ್ಮುಖ ಉರಿ, ಮುಮ್ಮುಖ ಉರಿ, ಪಕ್ಕದುರಿ’ ಇವು ನಡೆ. ‘ಎದುರು ಬೆಂಕಿ ಕೊಡುವುದು’ ಕೆಲಸ. ಬೆಂಕಿಯ ಭಾಗಗಳಿಗೆ ತಲೆ, ಪಕ್ಕೆ, ಹಿಮ್ಮಡಿ ಸಾಕು.

ಇನ್ನೊಂದು ಮರುಮಾತು

ಉರಿ, ಬೆಂಕಿ ಎಂದು ಬೇರ್ಪಡಿಸಿದ್ದು ಒಪ್ಪಿಗೆ. ಆದರೆ ‘ಹಿಮ್ಮುಖ’, ‘ಮುಮ್ಮುಖ’ ಪ್ರಾಸದ ಜೋಡಿ. ಗಾಳಿ, ಹೊಗೆ, ವಾಕಿಟಾಕಿಯ ಗರಗರದ ನಡುವೆ ಕೇಳುವುದು ‘...ಮ್ಮುಖ ಉರಿ’ ಮಾತ್ರ. ಎರಡಕ್ಕೂ ಇರುವ ವ್ಯತ್ಯಾಸ ಪ್ರಾಣದ್ದು. 100 ಮೀಟರ್ ಆಳದ ತುಂಡಿಗೆ ಹಿಮ್ಮುಖ ಉರಿ ಎರಡರಿಂದ ಐದು ಗಂಟೆ ತೆಗೆದುಕೊಂಡರೆ, ಗಾಳಿಯ ಜೊತೆ ಓಡುವ ಮುಮ್ಮುಖ ಉರಿ ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು. ಏರು ಇದ್ದರೆ ಕೇಳುವುದೇ ಬೇಡ, ಪ್ರತಿ 10 ಡಿಗ್ರಿ ಏರಿಗೆ ವೇಗ ಸುಮಾರು ಎರಡರಷ್ಟಾಗುತ್ತದೆ. ಮುಮ್ಮುಖ ಬಿಟ್ಟು ‘ನುಗ್ಗುರಿ’ ಎನ್ನಿ. ಆಗ ‘ಸ್ಟ್ರಿಪ್ ಹೆಡ್ ಫೈರ್’ಗೂ ಹೆಸರು ಸಿಗುತ್ತದೆ, ‘ಪಟ್ಟಿ ನುಗ್ಗುರಿ’: ಗಾಳಿ ಹೋಗುವ ಕಡೆಯ ಗೆರೆಯನ್ನು ಮೊದಲು ಸುಟ್ಟು ಭದ್ರಪಡಿಸಿ, 20ರಿಂದ 60 ಮೀಟರ್ ಹಿಂದಕ್ಕೆ ಬಂದು ಒಂದೊಂದೇ ಪಟ್ಟಿಗೆ ಹಚ್ಚುವುದು. ಪಟ್ಟಿ ಕಿರಿದಾದಷ್ಟೂ ಉರಿಗೆ ಓಟ ಸಿಗುವುದಿಲ್ಲ. ಎರಡು ಉರಿಗಳು ಕೂಡುವ ಸಾಲಿನಲ್ಲಿ ಮಾತ್ರ ಜ್ವಾಲೆ ಎದ್ದುಬಿಡುತ್ತದೆ, ಉಳಿಸಬೇಕಾದ ಮರದ ಕೆಳಗೆ ಆ ಸಾಲು ಬೀಳದಂತೆ ನೋಡಬೇಕು.

‘ಕಟ್ಟಳೆ’ಗೆ ಕಾನೂನಿನ, ಸಂಪ್ರದಾಯದ ವಾಸನೆ ಇದೆ ಎಂದು ಕೆಲವರು ಮೂಗು ಮುರಿಯಬಹುದು. ನನಗೆ ಅಡ್ಡಿಯಿಲ್ಲ.

ಕರಡಿನಲ್ಲಿ ಇನ್ನೆರಡು ಇದ್ದೇ ಇರುತ್ತವೆ, ಈಗಲೇ ಹುಡುಕಿ. ‘ಮಿನರಲ್ ಸಾಯಿಲ್’ ತನಕ ಕೆರೆಯಬೇಕು ಎಂಬುದು ‘ಖನಿಜ ಮಣ್ಣು’ ಆಗಿದ್ದರೆ ‘ಬರಿಮಣ್ಣು’ ಎಂದು ತಿದ್ದಿ. ತರಗು, ಕೊಳೆತ ಪದರ, ಬೇರು ಎಲ್ಲ ತೆಗೆದ ಮಣ್ಣು ಎಂದರ್ಥ. ಬೇರೊಂದು ಉಳಿದರೂ ಬೆಂಕಿ ಅದನ್ನು ಹಿಡಿದು ಗೆರೆಯಡಿಯಲ್ಲೇ ದಾಟುತ್ತದೆ. ‘ಮಾಪ್-ಅಪ್’ ಎಂದರೆ ಒರೆಸುವುದಲ್ಲ, ‘ಕೆಂಡ ಆರಿಸುವುದು’. ಆರದೆ ಅಡಗಿ ಉಳಿದದ್ದಕ್ಕೆ ‘ಹೋಲ್ಡೋವರ್’ ಎನ್ನುತ್ತಾರೆ. ನಮ್ಮಲ್ಲಿ ಬೂದಿ ಮುಚ್ಚಿದ ಕೆಂಡ ಎಂಬ ಮಾತೇ ಇರುವಾಗ ಹೊಸ ಪದ ಏಕೆ? ಮೇಲೆ ಹೇಳಿದ ಹರ್ಮಿಟ್ಸ್ ಪೀಕ್ ಬೆಂಕಿಯ ಜೊತೆ ಕಾಫ್ ಕ್ಯಾನ್ಯನ್ ಎಂಬ ಇನ್ನೊಂದು ಸೇರಿತು, ಒಟ್ಟು ಸುಮಾರು 1,38,000 ಹೆಕ್ಟೇರ್ ಸುಟ್ಟಿತು. ಆ ಎರಡನೆಯದು ಅದೇ ವರ್ಷದ ಜನವರಿಯಲ್ಲಿ ಸುಟ್ಟ ಕಟ್ಟಿಗೆ ರಾಶಿಯದ್ದು. ಹಿಮ ಬಿದ್ದರೂ ಆರದೆ ಏಪ್ರಿಲ್‌ನಲ್ಲಿ ಎದ್ದಿತ್ತು. ಆದ್ದರಿಂದ ಆರಿಸುವ ಅಧ್ಯಾಯದಲ್ಲಿ ‘ಪರಿಶೀಲಿಸಿ’ ಎಂದಷ್ಟೇ ಬರೆಯಬೇಡಿ. ‘ಬೂದಿ ಕೆದಕಿ, ಕೈಗವಸು ತೆಗೆದು, ಅಂಗೈಯ ಹಿಂಬದಿಯನ್ನು ಮೊದಲು ಹತ್ತಿರ ಹಿಡಿದು ಕಾವು ನೋಡಿ, ಕಾವಿಲ್ಲದಿದ್ದರೆ ಮಾತ್ರ ಮುಟ್ಟಿ, ಇದ್ದರೆ ನೀರು ಹಾಕಿ ಕಲಸಿ, ಮತ್ತೆ ಕೆದಕಿ’ ಎಂದು ಬರೆಯಿರಿ.