ಕೆಂಟ್‌ನ ಮೈಕ್ರೋಪಬ್‌ಗೆ ಮೊದಲ ಸಲ: ಯಾವಾಗ ಹೋಗಬೇಕು, ಏನು ಕೇಳಬೇಕು, ಯಾವುದನ್ನು ವಾಪಸ್ ಕೊಡಬೇಕು

ಕೇಳಿದ್ದು, ಮೈಸೂರಿನಿಂದ

ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಕೆಂಟ್ ಕೌಂಟಿಯ ಕ್ಯಾಂಟರ್‌ಬರಿಯಲ್ಲಿರುವ ಅಕ್ಕನ ಮನೆಗೆ ಹೊರಟಿದ್ದೇವೆ. ಅಲ್ಲಿನ ಮೈಕ್ರೋಪಬ್‌ನಲ್ಲಿ ಒಂದು ಸಂಜೆ ಕೂತು ರಿಯಲ್ ಏಲ್ ಎಂಬ ಅಲ್ಲಿನ ಸಾಂಪ್ರದಾಯಿಕ ಬಿಯರಿನ ರುಚಿ ನೋಡುವ ಆಸೆ. ನಾಲ್ಕು ಜನ. ನನಗೆ ಬೆಂಗಳೂರಿನ ಬ್ರೂಪಬ್ ಬಿಯರ್ ಮಾತ್ರ ಗೊತ್ತು, ಮಾವನವರು ವಿಸ್ಕಿಯವರು, ಭಾವ ಸಸ್ಯಾಹಾರಿ, ಅಕ್ಕ ಕುಡಿಯುವುದಿಲ್ಲ. ಆರ್ಡರ್ ಹೇಗೆ ಮಾಡುವುದು, ಎಷ್ಟು ಕುಡಿದರೆ ಹಿತ, ಬಿಯರ್ ಕೆಟ್ಟಿದ್ದರೆ ಗೊತ್ತಾಗುವುದು ಹೇಗೆ? ಬಲ್ಲವರು ತಿಳಿಸಿ.

ಕ್ಯಾಂಟರ್‌ಬರಿಯಿಂದ

ಮೊದಲು ಒಂದು ಗೊಂದಲ ಕಳೆದುಕೊಳ್ಳಿ. ಬ್ರೂಪಬ್ ತನ್ನ ಬಿಯರನ್ನು ತಾನೇ ತಯಾರಿಸುತ್ತದೆ. ಮೈಕ್ರೋಪಬ್ ಸಾಮಾನ್ಯವಾಗಿ ಏನನ್ನೂ ತಯಾರಿಸುವುದಿಲ್ಲ. ಸಣ್ಣ ಬ್ರೂವರಿಗಳಿಂದ ಮೂರೋ ನಾಲ್ಕೋ ಪೀಪಾಯಿ ತರಿಸಿ, ಒಂದು ಅಂಗಡಿ ಮಳಿಗೆಯಷ್ಟು ಜಾಗದಲ್ಲಿ ಮಾರುತ್ತದೆ. ಟಿವಿ ಇಲ್ಲ, ಹಾಡಿಲ್ಲ, ಜೂಜಿನ ಯಂತ್ರವಿಲ್ಲ. ಹಲವು ಕಡೆ ಲಾಗರ್ (ತಣ್ಣಗೆ ಕುಡಿಯುವ ಮಾಮೂಲು ತಿಳಿ ಬಿಯರ್) ಇಲ್ಲ, ವಿಸ್ಕಿಯೂ ಇಲ್ಲ. ಮಾವನವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಈ ಬಗೆ ಶುರುವಾದದ್ದು ನಿಮ್ಮ ಅಕ್ಕನ ಊರಿನ ಪಕ್ಕದ ಹರ್ನ್ ಹಳ್ಳಿಯಲ್ಲಿ. 2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರ್‌ನಲ್ಲಿ ಪೂರ್ತಿ ಜಾರಿಯಾದಾಗ, ಮದ್ಯದ ಪರವಾನಗಿ ಕೊಡುವ ಕೆಲಸ ಮ್ಯಾಜಿಸ್ಟ್ರೇಟರಿಂದ ಸ್ಥಳೀಯ ಕೌನ್ಸಿಲ್‌ಗೆ ಬಂತು. ಸಣ್ಣವರಿಗೆ ಪರವಾನಗಿ ಪಡೆಯುವುದು ಸುಲಭವಾಯಿತು. ಅದೇ ತಿಂಗಳು ಮಾರ್ಟಿನ್ ಹಿಲಿಯರ್ ಹಳೆಯ ಮಾಂಸದಂಗಡಿಯೊಂದರಲ್ಲಿ ಬುಚರ್ಸ್ ಆರ್ಮ್ಸ್ ತೆರೆದರು. ಅದನ್ನು ನೋಡಿ ಡೀಲ್, ಬ್ರಾಡ್‌ಸ್ಟೇರ್ಸ್, ರಾಮ್ಸ್‌ಗೇಟ್, ವೆಸ್ಟ್‌ಗೇಟ್‌ಗಳಲ್ಲಿ ಒಂದೊಂದಾಗಿ ಹುಟ್ಟಿಕೊಂಡವು. ದೂರದ ಉತ್ತರದಲ್ಲಿ ಹಾರ್ಟಲ್‌ಪೂಲ್ ರೈಲು ನಿಲ್ದಾಣದೊಳಗೇ ಒಂದು ಬಂತು. ರಾಮ್ಸ್‌ಗೇಟ್, ಬ್ರಾಡ್‌ಸ್ಟೇರ್ಸ್, ವೆಸ್ಟ್‌ಗೇಟ್ ಮೂರೂ ಒಂದೇ ರೈಲು ಮಾರ್ಗದಲ್ಲಿವೆ, ಕಾರಿನ ಹಂಗಿಲ್ಲದೆ ಒಂದೇ ದಿನ ಎರಡು ನೋಡಬಹುದು.

ಸಾಮಾನ್ಯ ಪಬ್ ಎಂದುಕೊಂಡು ರಾತ್ರಿ ಒಂಬತ್ತೂವರೆಗೆ ಹೋದರೆ ಬಾಗಿಲು ಹಾಕಿರಬಹುದು. ಕೆಲವು ಕಡೆ ಮಧ್ಯಾಹ್ನ 12ರಿಂದ 2, ಮತ್ತೆ ಸಂಜೆ 5ರಿಂದ 9. ಸೋಮವಾರ ರಜೆ ಇರುವುದೂ ಉಂಟು. ಒಬ್ಬರೋ ಇಬ್ಬರೋ ನಡೆಸುವ ಅಂಗಡಿ ಇದು, ಅವರಿಗೆ ಜ್ವರ ಬಂದರೂ ಮುಚ್ಚಬೇಕಾಗುತ್ತದೆ. ಆದ್ದರಿಂದ ಹೊರಡುವ ದಿನ ಬೆಳಿಗ್ಗೆ ಅವರ ಫೇಸ್‌ಬುಕ್ ಪುಟ ನೋಡಿ. ಜೇಬಿನಲ್ಲಿ ನಗದು ಇರಲಿ, ಕಾರ್ಡ್ ತೆಗೆದುಕೊಳ್ಳದ ಕಡೆ ಅದೇ ಗತಿ. 18 ತುಂಬಿದವರಿಗಷ್ಟೇ ಮದ್ಯ, ಆದರೆ 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ. ಆಧಾರ್ ನಡೆಯುವುದಿಲ್ಲ, ಪಾಸ್‌ಪೋರ್ಟ್ ಬೇಕು. ಫೋನು ಸದ್ದು ಮಾಡಿದರೆ ದಾನದ ಡಬ್ಬಿಗೆ ಒಂದು ಪೌಂಡ್ ಹಾಕಿಸುವ ಪಬ್‌ಗಳೂ ಇವೆ, ಒಳಗೆ ಹೋಗುವಾಗಲೇ ಸೈಲೆಂಟ್ ಮಾಡಿ.

ಬೆಂಚುಗಳು ಗೋಡೆಯ ಸುತ್ತ, ಎದುರುಬದುರು. ಹದಿನೈದು ಇಪ್ಪತ್ತು ಜನಕ್ಕೆ ತುಂಬಿಹೋಗುತ್ತದೆ. ನಾಲ್ಕು ಜನ ಸರಿ, ಎಂಟು ಜನವಾದರೆ ಬೇರೆಯವರಿಗೆ ಜಾಗವೇ ಉಳಿಯುವುದಿಲ್ಲ. ಪಕ್ಕದವರು ಮಾತಿಗೆಳೆಯುತ್ತಾರೆ. ಅದಕ್ಕೆಂದೇ ಹಾಗೆ ಬೆಂಚು ಹಾಕಿರುವುದು, ಸಂಕೋಚ ಬೇಡ. ನಿಮ್ಮ ನಾಲ್ವರೊಳಗೆ ಮಾತ್ರ ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡುತ್ತ ಕೂತರೆ ಆ ಸಂಜೆಯ ಅರ್ಧ ಸುಖ ತಪ್ಪಿತು.

ಸೆಲ್ಲರ್ ಕೆಲಸ ಬಲ್ಲವರಿಂದ

ರಿಯಲ್ ಏಲ್ ಬದುಕಿರುವ ಬಿಯರ್. ಇದನ್ನು ತಿಳಿದರೆ ಮೈಕ್ರೋಪಬ್‌ನ ಉಳಿದೆಲ್ಲ ರೀತಿನೀತಿ ತಾನಾಗಿ ಅರ್ಥವಾಗುತ್ತದೆ. ಬಾಟಲಿಯ ಲಾಗರನ್ನು ಸೋಸಿ, ಕಾಯಿಸಿ, ಯೀಸ್ಟ್ ತೆಗೆದು, ಗ್ಯಾಸು ತುಂಬಿರುತ್ತಾರೆ. ಇಲ್ಲಿ ಯೀಸ್ಟ್ ಪೀಪಾಯಿಯೊಳಗೇ ಇದ್ದು ಕೊನೆಯ ಹುದುಗು ಅಲ್ಲೇ ನಡೆಯುತ್ತದೆ. ಹೊರಗಿನಿಂದ ಗ್ಯಾಸು ಸೇರಿಸುವುದಿಲ್ಲ.

ಮಾಮೂಲು ಪೀಪಾಯಿಗೆ ಫರ್ಕಿನ್ ಎನ್ನುತ್ತಾರೆ. 9 ಗ್ಯಾಲನ್, ಅಂದರೆ 72 ಪಿಂಟ್. ಅದರ ಅರ್ಧ ಪಿನ್, 36 ಪಿಂಟ್. ಬ್ರಿಟಿಷ್ ಪಿಂಟ್ 568 ಮಿಲಿ. ಪೀಪಾಯಿ ಬಂದಮೇಲೆ ಅದನ್ನು ಸೆಲ್ಲರ್ ಎಂಬ ತಂಪು ಕೋಣೆಯ ಅಟ್ಟಣೆ ಮೇಲೆ ಅಡ್ಡಡ್ಡ ಮಲಗಿಸಿ, ಉರುಳದಂತೆ ಮೂರು ಕಡೆ ಬೆಣೆ ಕೊಡುತ್ತಾರೆ. ಮೇಲಿನ ತೂತಿಗೆ ಮೆದು ಮರದ ಸಣ್ಣ ಗೂಟ ಹೊಡೆಯುತ್ತಾರೆ, ಅದಕ್ಕೆ ಸ್ಪೈಲ್ ಎಂದು ಹೆಸರು. ಹೆಚ್ಚಿನ ಗ್ಯಾಸು ಅದರ ಮೂಲಕ ಮೆಲ್ಲಗೆ ಹೊರಗೆ ಹೋಗುತ್ತದೆ. ಬುರುಗು ನಿಂತಮೇಲೆ ಗಟ್ಟಿ ಗೂಟಕ್ಕೆ ಬದಲಿಸಿ ಉಳಿದ ಗ್ಯಾಸನ್ನು ಹಿಡಿದಿಡುತ್ತಾರೆ. ಮುಂಭಾಗಕ್ಕೆ ಸುತ್ತಿಗೆಯಿಂದ ಒಂದೇ ಏಟಿಗೆ ನಲ್ಲಿ ಹೊಡೆಯುತ್ತಾರೆ. ಗಸಿ ಕೆಳಗೆ ಕೂತು ಬಿಯರ್ ತಿಳಿಯಾಗಲು ಒಂದೆರಡು ದಿನ ಬೇಕು.

ತಪ್ಪುಗಳು ನಡೆಯುವುದು ಇಲ್ಲೇ. ಹೆಚ್ಚಿನ ಗ್ಯಾಸು ಹೋಗುವವರೆಗೆ ಕಾಯದೆ ಅವಸರ ಮಾಡಿದರೆ ಗ್ಲಾಸಿನಲ್ಲಿ ಬರೀ ನೊರೆ. ಮೆದು ಗೂಟವನ್ನು ಮರೆತು ಹಾಗೇ ಬಿಟ್ಟರೆ ಬಿಯರ್ ಸಪ್ಪೆ, ನಾಲಿಗೆ ಮೇಲೆ ಜೀವವೇ ಇರುವುದಿಲ್ಲ. ಕೊನೆಯ ಹತ್ತು ಹದಿನೈದು ಪಿಂಟ್‌ಗಾಗಿ ಪೀಪಾಯಿಯನ್ನು ಹಿಂದಿನಿಂದ ಎತ್ತಿ ಓರೆ ಮಾಡಬೇಕು. ಆ ಹೊತ್ತಿಗೆ ಕೈ ಜರ್ಕು ಹೊಡೆದರೆ ಗಸಿ ಎದ್ದು ಎಲ್ಲ ರಾಡಿಯಾಗುತ್ತದೆ. ಎರಡು ಮೂರು ಪಿಂಟ್ ಗಸಿಯ ಪಾಲು ಎಂದು ಬಿಟ್ಟುಬಿಡುವುದೇ ಜಾಣತನ.

ನಲ್ಲಿ ತಿರುಗಿಸಿ ಬಿಯರ್ ತೆಗೆದಷ್ಟೂ ಒಳಗೆ ಗಾಳಿ ಹೋಗುತ್ತದೆ. ಅಲ್ಲಿಂದ ಸುಮಾರು ಮೂರು ದಿನ ಅದರ ಆಯಸ್ಸು. ಮೂರು ದಿನಕ್ಕೆ 72 ಪಿಂಟ್ ಅಂದರೆ ದಿನಕ್ಕೆ 24. ನಾಲ್ಕು ಪೀಪಾಯಿ ತೆರೆದರೆ ದಿನಕ್ಕೆ 96 ಪಿಂಟ್ ಖರ್ಚಾಗಲೇಬೇಕು. ಸಣ್ಣ ಪಬ್ ಹತ್ತು ಬಗೆ ತೆರೆದಿಟ್ಟರೆ ಅನುಮಾನಪಡಿ. ಬೋರ್ಡಿನ ಮೇಲೆ ಮೂರೇ ಹೆಸರಿದ್ದರೆ ಅದು ಒಳ್ಳೆಯ ಲಕ್ಷಣ.

ಬಿಯರ್ ಬೆಚ್ಚಗಿದೆ ಎಂಬ ದೂರು ನಮ್ಮವರಿಂದ ಸದಾ ಬರುತ್ತದೆ. ಅದು ಬೆಚ್ಚಗಿರುವುದಿಲ್ಲ, 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಮತ್ತು ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ವಾಸನೆ ಅಡಗಿಹೋಗುತ್ತದೆ, ಬಿಯರೂ ಮಂಕಾಗಬಹುದು. ಐಸ್ ಕೇಳಬೇಡಿ.

ವಾಪಸ್ ಕೊಡುವ ವಿಷಯ: ವಿನಿಗರ್ ಹುಳಿ ಬಂದರೆ ಪೀಪಾಯಿ ಹಳತಾಗಿದೆ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿದೆ. ಬೆಣ್ಣೆ ಮಿಠಾಯಿಯಂಥ ಜಿಡ್ಡು ರುಚಿ ಎದ್ದು ಕಂಡರೆ ಸಾಮಾನ್ಯವಾಗಿ ಹುದುಗು ಮುಗಿಯುವ ಮೊದಲೇ ಬ್ರೂವರಿಯಿಂದ ಹೊರಬಿದ್ದಿದೆ. ಇವು ಮೂರೂ ತಪ್ಪುಗಳೇ. ಆದರೆ ಮಬ್ಬಾಗಿದ್ದ ಮಾತ್ರಕ್ಕೆ ಕೆಟ್ಟಿದೆ ಅನ್ನಬೇಡಿ, ಬೇಕೆಂದೇ ಮಬ್ಬಾಗಿ ಬಿಡುವ ಬಿಯರ್‌ಗಳಿವೆ. ಕಹಿಯೂ ತಪ್ಪಲ್ಲ. ಎರಡು ಗುಟುಕಿಗೇ ಎದ್ದು ಹೋಗಿ, ತಗ್ಗಿದ ದನಿಯಲ್ಲಿ "ಇದು ಹೀಗೇ ಇರಬೇಕೇ, ಒಮ್ಮೆ ನೋಡುತ್ತೀರಾ?" ಅನ್ನಿ. ಒಳ್ಳೆಯ ಮಾಲೀಕ ತಾನೂ ರುಚಿ ನೋಡಿ ಬೇರೆ ಕೊಡುತ್ತಾನೆ. ಮುಕ್ಕಾಲು ಗ್ಲಾಸು ಖಾಲಿ ಮಾಡಿ ಕೇಳುವುದು ಮರ್ಯಾದೆಯಲ್ಲ.

ರೆಡಿಂಗ್‌ನಿಂದ, ಭಾವನವರಿಗೂ ಅಕ್ಕನವರಿಗೂ

ಬಿಯರ್ ಸಸ್ಯಾಹಾರ ಎಂದು ಕಣ್ಣುಮುಚ್ಚಿ ನಂಬಬೇಡಿ. ಪೀಪಾಯಿಯ ಬಿಯರ್ ಬೇಗ ತಿಳಿಯಾಗಲು ಐಸಿಂಗ್ಲಾಸ್ ಹಾಕುವುದು ಹಳೆಯ ಪದ್ಧತಿ. ಅದು ಮೀನಿನ ಈಜುಚೀಲವನ್ನು ಒಣಗಿಸಿ ಕರಗಿಸಿದ ಅಂಟು. ಯೀಸ್ಟನ್ನು ಹಿಡಿದುಕೊಂಡು ಗಸಿಯ ಜೊತೆ ಕೆಳಗೆ ಕೂರುತ್ತದೆ, ಗ್ಲಾಸಿಗೆ ಬರುವುದು ಅತ್ಯಲ್ಪ. ಆದರೂ ಕೆಲವರಿಗೆ ಅಷ್ಟೂ ಬೇಡ. "ಅನ್‌ಫೈನ್ಡ್ ಇದೆಯೇ, ವೀಗನ್ ಯಾವುದು?" ಎಂದು ಕೇಳಿ. ಅನ್‌ಫೈನ್ಡ್ ಅಂದರೆ ತಿಳಿಗೊಳಿಸಲು ಇಂಥದ್ದೇನೂ ಹಾಕದ ಬಿಯರ್. ಮಾಲೀಕರಿಗೆ ಯಾವ ಪೀಪಾಯಿಗೆ ಏನು ಹಾಕಿದೆ ಎಂಬುದು ಗೊತ್ತಿರುತ್ತದೆ. ಮಿಲ್ಕ್ ಸ್ಟೌಟ್ ಎಂಬ ಕಪ್ಪು ಬಿಯರಿನಲ್ಲಿ ಹಾಲಿನ ಸಕ್ಕರೆ ಇರುತ್ತದೆ. ನಮ್ಮ ಸಸ್ಯಾಹಾರಕ್ಕೆ ಅದು ಅಡ್ಡಿಯಿಲ್ಲ, ಹಾಲು ಒಗ್ಗದವರು ಮಾತ್ರ ಬಿಡಬೇಕು.

ತಿಂಡಿಯಲ್ಲಿ ಎಚ್ಚರ ಹೆಚ್ಚು ಬೇಕು. ಸ್ಕಾಚ್ ಎಗ್ ಎಂದರೆ ಮೊಟ್ಟೆಯಷ್ಟೇ ಎಂದು ಮೊಟ್ಟೆ ತಿನ್ನುವ ನಮ್ಮವರು ಮೋಸಹೋಗುತ್ತಾರೆ. ಬೇಯಿಸಿದ ಮೊಟ್ಟೆಯ ಸುತ್ತ ಹಂದಿಮಾಂಸ ಮೆತ್ತಿ ಕರಿದದ್ದು ಅದು. ಸ್ಕ್ರ್ಯಾಚಿಂಗ್ಸ್ ಕುರುಕಲು ತಿಂಡಿಯಂತೆ ಕಂಡರೂ ಹಂದಿಯ ಚರ್ಮ. ವಿನಿಗರ್‌ನಲ್ಲಿ ನೆನೆಸಿಟ್ಟ ಮೊಟ್ಟೆ ಬರೀ ಮೊಟ್ಟೆಯೇ. ಭಾವನವರಿಗೆ ಉಪ್ಪು ಹಾಕಿದ ಕಡಲೆಕಾಯಿ ಬೀಜ, ಸಾದಾ ಚಿಪ್ಸ್ ಸಾಕು. ಇಲ್ಲಿ ಪ್ಯಾಕೆಟ್ ಚಿಪ್ಸಿಗೆ ಕ್ರಿಸ್ಪ್ಸ್ ಅನ್ನಬೇಕು. ಪೂರ್ತಿ ಊಟ ಸಿಗುವುದಿಲ್ಲ, ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಮನೆಯಿಂದ ಚಕ್ಕುಲಿ ಒಯ್ದರೆ ಬೇಡವೆನ್ನುವವರು ಕಡಿಮೆ, ಆದರೂ ಬಿಚ್ಚುವ ಮೊದಲು ಒಂದು ಮಾತು ಕೇಳಿ, ಅವರಿಗೂ ಒಂದು ಕೊಡಿ.

ಅಕ್ಕನವರಿಗೆ ಮುಖ್ಯವಾದ ಮಾತು: ಬ್ರಿಟನ್ನಿನಲ್ಲಿ ಸೈಡರ್ ಅಂದರೆ ಸೇಬಿನ ಜ್ಯೂಸ್ ಅಲ್ಲ, ಸೇಬಿನ ಮದ್ಯ. ಬಿಯರಿಗಿಂತ ಜೋರಾಗಿರುವುದೂ ಉಂಟು. ಶಾಂಡಿಯಲ್ಲಿ ಅರ್ಧ ಬಿಯರೇ. ಜಿಂಜರ್ ಬಿಯರ್ ಎರಡು ಬಗೆಯದೂ ಇರುತ್ತದೆ, ಕೇಳಿಯೇ ತೆಗೆದುಕೊಳ್ಳಿ. "ಸಾಫ್ಟ್ ಡ್ರಿಂಕ್" ಎಂದರೆ ತೊಂದರೆಯಿಲ್ಲ.

ಡಾರ್ಬಿಯಿಂದ, ಮಾವನವರ ಲೆಕ್ಕ

ವಿಸ್ಕಿಯವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ನಮ್ಮ ಕಡೆಯ 42.8 ಶೇಕಡದ ವಿಸ್ಕಿಯ 60 ಮಿಲಿ ಪೆಗ್ಗಿನಲ್ಲಿ ಸುಮಾರು 25.7 ಮಿಲಿ ಶುದ್ಧ ಆಲ್ಕೋಹಾಲ್. 4.5 ಶೇಕಡದ ಒಂದು ಪಿಂಟ್ ಏಲ್‌ನಲ್ಲಿ 25.6 ಮಿಲಿ. ಒಂದು ಪಿಂಟ್ ಅಂದರೆ ಒಂದು ದೊಡ್ಡ ಪೆಗ್. "ಇದು ಬರೀ ಬಿಯರ್" ಎಂದು ನಾಲ್ಕು ಏರಿಸಿದರೆ ನಾಲ್ಕು ದೊಡ್ಡ ಪೆಗ್ಗೇ ಏರಿಸಿದಂತೆ. ಇಲ್ಲಿ 10 ಮಿಲಿ ಶುದ್ಧ ಆಲ್ಕೋಹಾಲಿಗೆ ಒಂದು ಯೂನಿಟ್ ಎನ್ನುತ್ತಾರೆ. ವಾರಕ್ಕೆ 14 ಯೂನಿಟ್ ದಾಟಬೇಡಿ ಎನ್ನುವುದು ಸರ್ಕಾರದ ವೈದ್ಯಕೀಯ ಸಲಹೆ.

ಪಿಂಟ್ ಕೇಳಲೇಬೇಕೆಂದಿಲ್ಲ. ಅರ್ಧ ಪಿಂಟ್ 284 ಮಿಲಿ, ಮೂರರಲ್ಲೊಂದು ಪಾಲು 189 ಮಿಲಿ. ಅರ್ಧ ಎಲ್ಲೆಡೆ ಸಿಗುತ್ತದೆ, ಮೂರರಲ್ಲೊಂದಕ್ಕೆ ಬೇರೆ ಗ್ಲಾಸು ಬೇಕಾದ್ದರಿಂದ ಕೆಲವು ಕಡೆ ಇರುವುದಿಲ್ಲ. ಮೊದಲ ಸಲ ಬಂದವರು ಅರ್ಧದಲ್ಲೇ ಸುತ್ತುವುದು ಮೇಲು. ಕಡಿಮೆ ಜೋರಿನಿಂದ ಹೆಚ್ಚಿನದಕ್ಕೆ ಹೋಗಿ: 3.8 ಶೇಕಡದ ಬಿಟರ್, ಆಮೇಲೆ 4.5ರ ಗೋಲ್ಡನ್ ಏಲ್, ಕಡೆಗೆ ಪೋರ್ಟರ್ ಎಂಬ ಕಪ್ಪು ಬಿಯರ್. ಉಲ್ಟಾ ಹೋದರೆ ತೆಳು ಬಿಯರ್ ನೀರಿನಂತೆ ಅನಿಸುತ್ತದೆ. ಹೆಸರಿನಲ್ಲಿ ಐಪಿಎ (ಇಂಡಿಯಾ ಪೇಲ್ ಏಲ್) ಇದ್ದ ಮಾತ್ರಕ್ಕೆ ಜೋರು ಎಂದಲ್ಲ, 4ಕ್ಕಿಂತ ಕೆಳಗಿನ ಐಪಿಎಗಳೂ ಇವೆ. ಬೋರ್ಡಿನಲ್ಲಿ ಶೇಕಡ ನೋಡಿಯೇ ಕೇಳಿ. ಮಾವನವರಿಗೆ ಪೋರ್ಟರ್ ಅಥವಾ ಓಲ್ಡ್ ಏಲ್ ಅರ್ಧ ಕೊಡಿಸಿ. ಹುರಿದ ಮಾಲ್ಟ್‌ನ ಕಾಫಿ ಛಾಯೆ ವಿಸ್ಕಿಯ ನಾಲಿಗೆಗೆ ಹೊಂದುತ್ತದೆ.

ಕೊಳ್ಳುವ ಮೊದಲು ಒಂದೆರಡನ್ನು ಚೂರು ರುಚಿ ನೋಡಲು ಕೊಡುತ್ತಾರೆ. ಐದಾರು ಕೇಳುವುದು ಅತಿಯಾಯಿತು.

ಇನ್ನೊಂದು, ನೀವು ಬರುವ ಸಮಯವೇ ಚಿನ್ನದಂಥದ್ದು. ಕೆಂಟ್ ಹಾಪ್ಸ್ ಬೆಳೆಯುವ ನಾಡು. ಫಗಲ್, ಗೋಲ್ಡಿಂಗ್ ಎಂಬ ಹಾಪ್ಸ್ ತಳಿಗಳೆರಡೂ ಅಲ್ಲಿನವು. ಸೆಪ್ಟೆಂಬರ್ ಕೊಯ್ಲಿನಲ್ಲಿ ಹಾಪ್ಸನ್ನು ಒಣಗಿಸದೆ ಹಸಿಯಾಗಿಯೇ ಹಾಕಿ ಗ್ರೀನ್ ಹಾಪ್ ಏಲ್ ಮಾಡುತ್ತಾರೆ. ತಿಂಗಳ ಕೊನೆಯಿಂದ ಅಕ್ಟೋಬರ್‌ವರೆಗೆ ಕೆಲವೇ ವಾರ ಸಿಗುವಂಥದ್ದು. ಬೋರ್ಡಿನಲ್ಲಿ ಆ ಹೆಸರು ಕಂಡರೆ ಬೇರೆ ಯೋಚನೆ ಬೇಡ.

ಲೀಡ್ಸ್‌ನಿಂದ, ಊರು ಧಾರವಾಡ

ಒಂದೆರಡು ಮಾತು ನಂದೂ ಇರಲಿ ನೋಡ್ರಿ. ಕೆಂಟ್‌ನ್ಯಾಗ ಪೀಪಾಯಿಯಿಂದ ನೇರ ಗ್ಲಾಸಿಗೆ ಬಿಡ್ತಾರ, ನೊರಿ ಭಾಳ ಇರಂಗಿಲ್ಲ. ಅದನ್ನ ನೋಡಿ ಬಿಯರ್ ಸತ್ತೈತಿ ಅನ್ನಬ್ಯಾಡ್ರಿ. ನಮ್ಮ ಯಾರ್ಕ್‌ಶೈರ್ ಕಡೆ ಕೈಪಂಪಿನ ತುದಿಗೆ ಸಣ್ಣ ತೂತಿನ ಮೂತಿ ಹಾಕ್ತಾರ, ಸ್ಪಾರ್ಕ್ಲರ್ ಅಂತ, ಅದಕ್ಕ ದಪ್ಪ ಕೆನಿಯಂಥ ನೊರಿ ಬರ್ತದ. ಎರಡೂ ಸರಿನ. ಗ್ಲಾಸ್ ಕಡಿಮಿ ತುಂಬಿದ್ರ "ಟಾಪ್ ಅಪ್ ಪ್ಲೀಸ್" ಅನ್ರಿ, ಬ್ಯಾಸರ ಇಲ್ಲದ ತುಂಬಿ ಕೊಡ್ತಾರ.

ಬಿಲ್ ಕಡೀಕ ಅಲ್ಲ, ತಗೊಂಡಾಗೆಲ್ಲ ಆಗಿಂದಾಗ ರೊಕ್ಕ ಕೊಡಬೇಕು. ಟಿಪ್ಸ್ ಇಡೋ ಪದ್ಧತಿ ಇಲ್ಲ. ಒಂದು ಸುತ್ತು ನೀವು, ಮುಂದಿನ ಸುತ್ತು ನಿಮ್ಮ ಭಾವ, ಹಿಂಗ ನಡೀತದ. ಖಾಲಿ ಗ್ಲಾಸ್ ನೀವ ಒಯ್ದು ಕೊಟ್ರ ಒಬ್ಬನ ದುಡಿಯೋ ಮಾಲೀಕಗ ಭಾಳ ಖುಷಿ. ಕಾರ್ ಅಂತೂ ಮನಿಯಾಗ ಬಿಡ್ರಿ. ಇಂಗ್ಲೆಂಡಿನ್ಯಾಗ ಮಿತಿ 100 ಮಿಲಿ ರಕ್ತಕ್ಕ 80 ಮಿಲಿಗ್ರಾಂ, ಆದ್ರ ಎಷ್ಟು ಕುಡಿದ್ರ ಅಷ್ಟಾಗ್ತದ ಅಂತ ಯಾರಿಗೂ ಹೇಳಾಕ ಆಗಂಗಿಲ್ಲ. ಅಕ್ಕಾರು ಕುಡಿಯಂಗಿಲ್ಲ ಅಂದ್ರ ಅವ್ರ ಓಡಿಸಲಿ, ಇಲ್ಲಾ ಬಸ್ ಹಿಡೀರಿ.

ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಒಂದೇ ಸಂಜೆ ಸಿಗುವುದಾದರೆ ವಾರದ ಯಾವ ದಿನ ಒಳ್ಳೆಯದು?

ಸೆಲ್ಲರ್ ಕೆಲಸ ಬಲ್ಲವರಿಂದ

ಶುಕ್ರವಾರ, ಸಂಜೆ ಬಾಗಿಲು ತೆರೆದ ಕೂಡಲೇ. ವಾರಾಂತ್ಯದ ಪೀಪಾಯಿಗಳನ್ನು ಬುಧವಾರವೋ ಗುರುವಾರವೋ ಸಿದ್ಧಮಾಡಿ ಶುಕ್ರವಾರಕ್ಕೆ ತಿಳಿಯಾಗುವಂತೆ ನೋಡಿಕೊಳ್ಳುತ್ತಾರೆ. ಆರೂವರೆಯ ಮೇಲೆ ಬೆಂಚು ಸಿಗುವುದು ಕಷ್ಟ. ಭಾನುವಾರ ಸಂಜೆ ಹೋದರೆ ಒಂದೆರಡು ಹೆಸರು ಆಗಲೇ ಬೋರ್ಡಿನಿಂದ ಅಳಿಸಿರುತ್ತವೆ, ಉಳಿದದ್ದು ಓರೆ ಮಾಡಿದ ಪೀಪಾಯಿಯದು. ಒಳಗೆ ಹೋದೊಡನೆ ಬ್ರಾಂಡ್ ಹೆಸರು ಹುಡುಕಬೇಡಿ, "ಇವತ್ತು ಹೊಸದಾಗಿ ತೆರೆದದ್ದು ಯಾವುದು?" ಎಂದು ಕೇಳಿ, ಅದರದೇ ಅರ್ಧ ಪಿಂಟ್ ತೆಗೆದುಕೊಳ್ಳಿ.