ಹಾಲು-ಮೊಸರು ಬಿಟ್ಟಮೇಲೆ ತಂಬುಳಿಗೆ ಏನು ಹಾಕೋದು? ಕಾಯಿಹಾಲು ಯಾಕೆ ಮೊಸರಾಗ್ತಿಲ್ಲ?

ತುಂಗೆದಂಡೆ (ತೀರ್ಥಹಳ್ಳಿ):
ಮೊದಲಿಂದಲೂ ಸಸ್ಯಾಹಾರ. ಈಗ ಹಾಲು, ಮೊಸರು, ತುಪ್ಪವನ್ನೂ ಬಿಟ್ಟಾಗಿದೆ. ಪಲ್ಯ, ಸಾರು, ಅಕ್ಕಿರೊಟ್ಟಿಗೆ ತೊಂದರೆ ಇಲ್ಲ. ಆದರೆ ನಿಂಬೆರಸ ಹಾಕಿದ ಒಂದೆಲಗದ ತಂಬುಳಿ ಬರೀ ಹುಳಿ ನೀರಿನ ಹಾಗಿರುತ್ತೆ. ಇನ್ನು ಕಾಯಿಹಾಲಿಗೆ ನಿಂಬೆ ಹಿಂಡಿ ರಾತ್ರಿ ಮುಚ್ಚಿಟ್ಟರೆ, ಬೆಳಿಗ್ಗೆ ಮೇಲೆ ಬೆಣ್ಣೆಯಂಥ ಗಟ್ಟಿ ಪದರ, ಕೆಳಗೆ ನೀರು. ಬೇಸಿಗೆಯಲ್ಲಿ ಇಷ್ಟು ಕೆಡುತ್ತಿರಲಿಲ್ಲ. ಸೋಯಾ ಹಾಲಿನ ಪೊಟ್ಟಣಕ್ಕೆ ಶಿವಮೊಗ್ಗಕ್ಕೇ ಹೋಗಬೇಕು, ಹಾಗಾಗಿ ಊರಲ್ಲಿ ಸಿಗುವುದರಲ್ಲೇ ದಾರಿ ಇದ್ದರೆ ಹೇಳಿ.

ಮುರುಗಲುಸಿಪ್ಪೆ:
ತಂಬುಳಿಯಲ್ಲಿ ಮಜ್ಜಿಗೆ ಹುಳಿಯನ್ನಷ್ಟೇ ಅಲ್ಲ, ಮಂದವನ್ನೂ ಕೊಡುತ್ತಿತ್ತು. ನಿಂಬೆ ಹುಳಿ ಕೊಟ್ಟಿತು, ಮಂದ ಎಲ್ಲಿಂದ ಬರಬೇಕು? ಕಾಲು ಬಟ್ಟಲು ಕಾಯಿತುರಿ ಹಾಕುವ ಕಡೆ ಮುಕ್ಕಾಲು ಬಟ್ಟಲು ಹಾಕಿ, ಬೆಣ್ಣೆಯಷ್ಟು ನುಣ್ಣಗೆ ರುಬ್ಬಿ.

ದೊಡ್ಡಪತ್ರೆಯದಾದರೆ 10-12 ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು. ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಎಲೆಯ ನೀರೆಲ್ಲ ಆರುವವರೆಗೆ ಬಾಡಿಸಿ. ಹಸಿ ಉಳಿದರೆ ಘಾಟು. ತಣ್ಣಗಾದಮೇಲೆ ಕಾಯಿಯ ಜೊತೆ ರುಬ್ಬಿ, ಒಂದೂವರೆ ಲೋಟ ನೀರು ಸೇರಿಸಿ, ಕೊನೆಗೆ ಅರ್ಧ ನಿಂಬೆಹಣ್ಣು. ಒಂದೆಲಗವನ್ನು ಮಾತ್ರ ಹಸಿಯಾಗಿಯೇ ರುಬ್ಬಬಹುದು.

ಮುರುಗಲು (ಪುನರ್ಪುಳಿ, ಕೋಕಂ) ಸಿಪ್ಪೆ ಆರೇಳು ಚೂರು ನೆನೆಸಿ ಹಿಂಡಿದ ರಸವೂ ಆಗುತ್ತೆ, ಆದರೆ ಹಸಿರು ಸೊಪ್ಪಿಗೆ ಬೇಡ. ಕೆಂಪು-ಹಸಿರು ಸೇರಿ ಕೆಸರಿನ ಬಣ್ಣ ಬರುತ್ತೆ. ಅದನ್ನು ಶುಂಠಿ, ಮೆಂತ್ಯದ ತಂಬುಳಿಗೆ ಇಟ್ಟುಕೊಳ್ಳಿ. ಮಜ್ಜಿಗೆ ಇಲ್ಲದ ತಂಬುಳಿ ಬೇಗ ಹಳಸುತ್ತೆ, ಮಧ್ಯಾಹ್ನದ್ದನ್ನು ರಾತ್ರಿಗೆ ಉಳಿಸಬೇಡಿ.

ಅಂದಹಾಗೆ, ತಂಬುಳಿಯೇ ಬೇಕು ಅಂತ ಹಟ ಯಾಕೆ? ಅಪ್ಪೆಹುಳಿಗೆ ಯಾವತ್ತೂ ಮಜ್ಜಿಗೆ ಇರಲಿಲ್ಲ. ಮಳೆಗಾಲದಲ್ಲಿ ಭರಣಿಯ ಉಪ್ಪುನೀರಿನ ಮಾವಿನಕಾಯಿ ಒಂದನ್ನು ತೊಳೆದು, ಕಿವುಚಿ, ನಾಲ್ಕು ಲೋಟ ನೀರು ಬೆರೆಸಿ, ಸಾಸಿವೆ, ಇಂಗು, ಜೀರಿಗೆಮೆಣಸಿನ (ಸೂಜಿಮೆಣಸು) ಒಗ್ಗರಣೆ ಕೊಟ್ಟರೆ ಆಯ್ತು. ಉಪ್ಪು ಹಾಕುವ ಮೊದಲು ರುಚಿ ನೋಡಿ.

ಬಚ್ಚಲೊಲೆ:
ಕಾಯಿಹಾಲಿನ ವಿಷಯ. ದನದ ಹಾಲು ಗಟ್ಟಿಯಾಗುವುದು ಅದರ ಪ್ರೋಟೀನ್ ಹುಳಿಗೆ ಹೆಪ್ಪುಗಟ್ಟುವುದರಿಂದ. ಕಾಯಿಹಾಲಲ್ಲಿ ಇರುವುದು ಹೆಚ್ಚಾಗಿ ಎಣ್ಣೆ, ಪ್ರೋಟೀನ್ ಅತ್ಯಲ್ಪ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆರೆಗಟ್ಟುತ್ತೆ, ನಮ್ಮ ಮಳೆಗಾಲದ ರಾತ್ರಿ ಅದಕ್ಕಿಂತ ತಣ್ಣಗೆ. ನಿಮ್ಮ ಪಾತ್ರೆಯಲ್ಲಿ ಮೇಲೆ ಕಟ್ಟಿದ ಪದರ ಅದೇ. ಜೊತೆಗೆ, ನಿಂಬೆ ಹುಳಿ ಕೊಡುತ್ತೆ ಅಷ್ಟೆ, ಹೆಪ್ಪಲ್ಲ.

ಶೇಂಗಾ ಹಿಡಿಯಿರಿ. ಒಂದು ಬಟ್ಟಲು ಹಸಿ ಶೇಂಗಾ ಎಂಟು ಗಂಟೆ ನೆನೆಸಿ, ಸಿಪ್ಪೆ ಉಜ್ಜಿ ತೆಗೆಯಿರಿ (ಬಿಟ್ಟರೆ ಒಗರು). ಮೂರು ಬಟ್ಟಲು ನೀರಲ್ಲಿ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ. ದಪ್ಪ ತಳದ ಪಾತ್ರೆಯಲ್ಲಿ ಹತ್ತು-ಹನ್ನೆರಡು ನಿಮಿಷ ಕೈಬಿಡದೆ ತಿರುವುತ್ತಾ ಕುದಿಸಿ. ತಳ ಹಿಡಿದರೆ ಆ ಸೀದ ವಾಸನೆ ಮೊಸರಿಗೂ ಬರುತ್ತೆ. ಉಗುರುಬೆಚ್ಚಗಾದಮೇಲೆ ಎಂಟು-ಹತ್ತು ಹಸಿಮೆಣಸಿನ ತೊಟ್ಟುಗಳನ್ನು ಮುಳುಗಿಸಿ. ಹೆಪ್ಪಿಗೆ ಬೇಕಾದ ಬ್ಯಾಕ್ಟೀರಿಯಾ ತೊಟ್ಟಿನ ಮೇಲೇ ಇರುತ್ತೆ. ಬಿಸಿ ಜಾಸ್ತಿಯಾದರೆ ಸಾಯುತ್ತೆ, ತಣ್ಣಗಿದ್ದರೆ ಮಲಗಿಬಿಡುತ್ತೆ. ಬೇಸಿಗೆಯಲ್ಲಿ ಎಂಟು ಗಂಟೆ ಸಾಕು. ಈಗ ಬಟ್ಟೆ ಸುತ್ತಿ ಅಕ್ಕಿ ಡಬ್ಬಿಯೊಳಗೋ ಬಚ್ಚಲ ಹಂಡೆಯ ಪಕ್ಕದಲ್ಲೋ ಇಟ್ಟು 14-18 ಗಂಟೆ ಬಿಡಿ.

ಮೊದಲ ಸಲದ್ದು ಮೆಣಸಿನ ವಾಸನೆ ಹೊಡೆಯುತ್ತೆ, ಅದನ್ನು ತಿನ್ನೋಕೆ ಹೋಗಬೇಡಿ. ಅದರಿಂದ ಎರಡು ಚಮಚ ತೆಗೆದು ಹೊಸ ಹಾಲಿಗೆ ಹೆಪ್ಪು ಹಾಕಿ. ಮೂರನೇ ಸಲಕ್ಕೆ ಸರಿಹೋಗುತ್ತೆ. ಗುಲಾಬಿ ಅಥವಾ ಹಸಿರು ಕಲೆ ಕಂಡರೆ ಪೂರ್ತಿ ಚೆಲ್ಲಿ. ಥಂಡಿಯಲ್ಲಿ ಬೂಷ್ಟು ಹಿಡಿದ, ಮುರುಟಿದ ಶೇಂಗಾ ಆರಿಸಿ ಎಸೆಯುವುದು ರುಚಿಗಲ್ಲ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಕುದಿಸಿದರೂ ಹೋಗಲ್ಲ.

ತುಂಗೆದಂಡೆ:
ಇದರಲ್ಲೇ ಮಜ್ಜಿಗೆಹುಳಿ ಆಗುತ್ತಾ? ಹೋಟೆಲ್, ಮದುವೆ ಊಟಕ್ಕೇನು ಮಾಡೋದು?

ಬಚ್ಚಲೊಲೆ:
ಆಗುತ್ತೆ. ಸೌತೆಕಾಯಿ ಬೆಂದು, ಮಸಾಲೆ ಕುದಿದಮೇಲೆ ಮೊಸರು ಸುರಿದು, ಅಂಚಲ್ಲಿ ಗುಳ್ಳೆ ಬಂದಕೂಡಲೇ ಇಳಿಸಿ. ಕುದಿಸಿದರೆ ಒಡೆಯುತ್ತೆ.

ಎಲೆತುದಿ:
ಹೋಟೆಲ್ಲಲ್ಲಿ "ಹಾಲು ಹಾಕಿದೀರಾ" ಅಂತ ಕೇಳಿದರೆ ಎಲ್ಲದಕ್ಕೂ "ಇಲ್ಲ" ಅಂತಾರೆ, ಮೊಸರು ಅವರ ಲೆಕ್ಕದಲ್ಲಿ ಹಾಲಲ್ಲ ಮಾರಾಯ್ರೆ. ಮೊಸರು, ಬೆಣ್ಣೆ, ತುಪ್ಪ ಅಂತ ಹೆಸರು ಹೇಳಿ ಕೇಳಿ. ಬನ್ಸ್, ಗೋಳಿಬಜೆ, ರವೆ ಇಡ್ಲಿಗೆ ಮೊಸರು ಇದ್ದೇ ಇರುತ್ತೆ. ರವೆ ದೋಸೆ, ಸೆಟ್ ದೋಸೆ ಅನುಮಾನ. ಚಕ್ಕುಲಿ, ಕೋಡುಬಳೆಗೆ ಬೆಣ್ಣೆ ಹಾಕುವವರು ಬಹಳ. ನೀರುದೋಸೆ, ಚಿತ್ರಾನ್ನ ಸಾಮಾನ್ಯವಾಗಿ ಸರಿ.

ಮದುವೆಯಲ್ಲಿ ಬಡಿಸುವವರನ್ನು ಕೇಳಿ ಪ್ರಯೋಜನವಿಲ್ಲ. ಹಿಂದಿನ ದಿನವೇ ಅಡುಗೆ ಭಟ್ಟರಿಗೆ ಹೇಳಿದರೆ ತುಪ್ಪದ ಒಗ್ಗರಣೆಗೆ ಮೊದಲು ಸಾರು ತೆಗೆದಿಡುತ್ತಾರೆ.

ಪೊಟ್ಟಣದ ಮೇಲಿನ ಹಸಿರು ಚುಕ್ಕಿ ನಂಬಬೇಡಿ, ಹಾಲು ಮತ್ತು ಜೇನುತುಪ್ಪ ಇದ್ದರೂ ಅದೇ ಚುಕ್ಕಿ. ಪದಾರ್ಥಗಳ ಪಟ್ಟಿಯ ಕೆಳಗೆ ಅಲರ್ಜಿಯ ಸಾಲಲ್ಲಿ ಹಾಲು ಇದೆಯಾ ನೋಡಿ. ವೀಗನ್ (ಪ್ರಾಣಿಯಿಂದ ಬಂದದ್ದು ಏನೂ ಇಲ್ಲದ) ಆಹಾರಕ್ಕೆ 2022ರ ನಿಯಮದಲ್ಲಿ ಬೇರೆ ಗುರುತು ಬಂದಿದೆ, ಆದರೆ ಊರಿನ ಬೇಕರಿ ಬ್ರೆಡ್ಡಿನ ಮೇಲೆ ಅದನ್ನು ಹುಡುಕಬೇಡಿ.

ಒಂದೆಲಗ:
ಯಾರೂ ಬಿ12 ವಿಟಮಿನ್ ಬಗ್ಗೆ ಹೇಳಿಲ್ಲ. ಸಸ್ಯಾಹಾರಿಗಳಿಗೆ ಅದು ಬರುತ್ತಿದ್ದದ್ದೇ ಹಾಲು-ಮೊಸರಿಂದ. ಇಡ್ಲಿ ಹಿಟ್ಟು, ಶೇಂಗಾ ಮೊಸರು, ಸ್ಪಿರುಲಿನಾ (ಪಾಚಿಯ ಪುಡಿ) ಯಾವುದನ್ನೂ ನೆಚ್ಚಬೇಡಿ. ದಿನಕ್ಕೆ ಕನಿಷ್ಠ 10 ಮೈಕ್ರೊಗ್ರಾಂ, ಇಲ್ಲವೇ ವಾರಕ್ಕೆ 2000 ಮೈಕ್ರೊಗ್ರಾಂ ಮಾತ್ರೆ ಬೇಕು. ಯಕೃತ್ತಿನಲ್ಲಿ ವರ್ಷಗಟ್ಟಲೆ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತೆ. ಪಾದ ಜುಮುಜುಮು ಅನ್ನುವವರೆಗೆ ಕಾಯದೆ ಈಗಲೇ ರಕ್ತಪರೀಕ್ಷೆ ಮಾಡಿಸಿ, ಪ್ರಮಾಣ ವೈದ್ಯರನ್ನು ಕೇಳಿ. ಕ್ಯಾಪ್ಸೂಲಿನ ಹೊದಿಕೆ ಹೆಚ್ಚಾಗಿ ಜೆಲಟಿನ್, ಅಂದರೆ ಪ್ರಾಣಿಯದ್ದು, ಹಾಗಾಗಿ ಗುಳಿಗೆ ಕೇಳಿ. ಬಿಸಿಲೇ ಕಾಣದ ತಿಂಗಳಲ್ಲಿ ಡಿ ವಿಟಮಿನ್ ಬರೆದುಕೊಟ್ಟರೆ ಡಿ2 ಆಗುತ್ತಾ ಅಂತ ವಿಚಾರಿಸಿ. ಅಂಗಡಿಯ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದದ್ದು.

ಸುಣ್ಣದಂಶಕ್ಕೆ ರಾಗಿ, ಸಿಪ್ಪೆ ತೆಗೆಯದ ಕರಿ ಎಳ್ಳು. ರಾಗಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ, ಎಳ್ಳಲ್ಲಿ ಸಾವಿರ ದಾಟುತ್ತೆ. ಊಟ ಮುಗಿದ ಕೂಡಲೇ ಕಪ್ಪು ಚಾ ಬೇಡ, ಸೊಪ್ಪಿನ ಕಬ್ಬಿಣವನ್ನು ಕಟ್ಟಿಹಾಕುತ್ತೆ. ಒಂದು ಗಂಟೆ ಬಿಟ್ಟು ಕುಡಿಯಿರಿ, ಅಥವಾ ನಿಂಬೆರಸ ಹಾಕಿದ ಆ ತಂಬುಳಿಯನ್ನೇ ಊಟದ ಜೊತೆ ಇಟ್ಟುಕೊಳ್ಳಿ.