ಆಟದ ಪೀರಿಯಡ್ಡಿನಲ್ಲಿ ಮಗು ಎಷ್ಟು ಹೊತ್ತು ಓಡುತ್ತದೆ?

ಕೋರಿಕೆ: ನಾನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನಮ್ಮಲ್ಲಿ 130 ಮಕ್ಕಳಿದ್ದಾರೆ. ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಖಾಲಿ ಇದೆ. ಕ್ರೀಡಾಕೂಟ ಹತ್ತಿರ ಬಂದಾಗ ಹತ್ತು ಹನ್ನೆರಡು ಮಕ್ಕಳನ್ನು ತಯಾರು ಮಾಡುವುದನ್ನು ಬಿಟ್ಟರೆ ಉಳಿದವರಿಗೆ ಆಟವೇ ಇಲ್ಲದಂತಾಗಿದೆ. ಎಲ್ಲ ಮಕ್ಕಳಿಗೂ ಕಸುವು ಬರುವಂತಹ ಕಾರ್ಯಕ್ರಮ ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು: ಹುದ್ದೆ ಭರ್ತಿಯಾಗಲೆಂದು ಕಾಯುತ್ತ ಕೂರಬೇಡಿ. ಆದರೆ ಏನನ್ನಾದರೂ ಶುರು ಮಾಡುವ ಮೊದಲು, ಆಟದಲ್ಲಿ ಅಷ್ಟೇನೂ ಚುರುಕಿಲ್ಲದ ಒಂದು ಮಗುವನ್ನು ಆರಿಸಿಕೊಂಡು, ಒಂದು ಪೀರಿಯಡ್ಡಿನಲ್ಲಿ ಅದು ನಿಜವಾಗಿ ಎಷ್ಟು ಹೊತ್ತು ಓಡಾಡಿತೆಂದು ಗಡಿಯಾರ ಹಿಡಿದು ನೋಡಿ. ಕೆಲವು ವರ್ಷಗಳ ಹಿಂದೆ ನಾನು ಹಾಗೆ ನೋಡಿದಾಗ, 40 ನಿಮಿಷದಲ್ಲಿ ಆ ಹುಡುಗ ಓಡಾಡಿದ್ದು 6 ನಿಮಿಷ. ಸಾಲು ನಿಲ್ಲಿಸಿ, ಹಾಜರಿ ಕೂಗಿ, ತಂಡ ಆರಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಆಟ ಶುರುವಾದ ಮೇಲೆ ಅವನು ಮೊದಲ ಸುತ್ತಿನಲ್ಲೇ ಔಟಾಗಿ, ಹೊಂಗೆ ಮರದ ಬುಡದಲ್ಲಿ ಕಡ್ಡಿಯಿಂದ ನೆಲ ಗೀರುತ್ತ ಕುಳಿತಿದ್ದ. ಯಾರಿಗೆ ಓಟ ಹೆಚ್ಚು ಬೇಕಿತ್ತೋ ಅವನನ್ನೇ ನನ್ನ ಆಟ ಎಲ್ಲರಿಗಿಂತ ಮೊದಲು ಹೊರಗೆ ಕೂರಿಸುತ್ತಿತ್ತು.

ಖೋ-ಖೋ ನನಗೆ ಅಚ್ಚುಮೆಚ್ಚಿನ ಆಟ. ನಾನು ಬೆಳೆದದ್ದೇ ಅದರಲ್ಲಿ. ಆದರೂ ಲೆಕ್ಕ ಹಾಕಿ ನೋಡಿ: ಬೆನ್ನಟ್ಟುವ ಒಂಬತ್ತು ಜನರಲ್ಲಿ ಎಂಟು ಮಂದಿ ಕುಳಿತಿರುತ್ತಾರೆ, ತಪ್ಪಿಸಿಕೊಳ್ಳುವವರು ಮೂವರು ಮೂವರಾಗಿ ಅಂಕಣಕ್ಕೆ ಇಳಿಯುತ್ತಾರೆ. ಅಂದರೆ 40 ಮಕ್ಕಳ ತರಗತಿಯಲ್ಲಿ ಯಾವ ಕ್ಷಣದಲ್ಲಿ ನೋಡಿದರೂ ಓಡುತ್ತಿರುವವರು ನಾಲ್ವರೇ. ಪಂದ್ಯಕ್ಕೆ ಅದು ಸರಿ, ತರಗತಿಗೆ ಸಾಲದು. ಆದ್ದರಿಂದ ನಾನು ಮಕ್ಕಳನ್ನು ಆರಾರು ಜನರ ಗುಂಪು ಮಾಡಿ, ಮುಟ್ಟಾಟ, ಕುಂಟಾಟಗಳನ್ನು ಏಕಕಾಲಕ್ಕೆ ಹಲವು ಕಡೆ ನಡೆಸತೊಡಗಿದೆ. ಔಟಾದವರು ದೂರದ ಬೇವಿನ ಮರ ಮುಟ್ಟಿ ಬಂದರೆ ಮತ್ತೆ ಆಟಕ್ಕೆ ಸೇರಬಹುದು. ಅದು ಶಿಕ್ಷೆಯಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ಮಕ್ಕಳಿಗೆ ಹಾಗೆ ಅನ್ನಿಸಲಿಲ್ಲ, ಏಕೆಂದರೆ ಅದು ಅವರಿಗೆ ಒಳಗೆ ಬರುವ ದಾರಿಯಾಗಿತ್ತು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಬಿರುಸಾಗುವಂತಹ ಚಟುವಟಿಕೆ, ಜೊತೆಗೆ ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆಗಳನ್ನು ಗಟ್ಟಿಗೊಳಿಸುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕೆರೆ-ದಡ, ಕುಂಟೆಬಿಲ್ಲೆ, ಹಗ್ಗದಾಟ ಇವೆಲ್ಲ ಮೂಳೆಗೆ ಒದಗುವ ಆಟಗಳೇ. ಅವಕ್ಕೆ ಒಂದು ಹಗ್ಗ, ಒಂದು ಹಿಡಿ ಸುಣ್ಣದ ಪುಡಿ ಇದ್ದರೆ ಆಯಿತು.

ಮುಖ್ಯ ಶಿಕ್ಷಕಿಯೊಬ್ಬರು: ನಮ್ಮಲ್ಲೂ ಪಿ.ಟಿ. ಮೇಷ್ಟ್ರಿರಲಿಲ್ಲ, ಆಟದ ಪೀರಿಯಡ್ಡನ್ನು ಗಣಿತಕ್ಕೋ ಇಂಗ್ಲಿಷಿಗೋ ಕೊಟ್ಟುಬಿಡುತ್ತಿದ್ದೆವು. ಪ್ರಾರ್ಥನೆ ಮುಗಿದ ಕೂಡಲೇ 15 ನಿಮಿಷ, ಆಯಾ ತರಗತಿಯ ಶಿಕ್ಷಕರೇ ತಮ್ಮ ಮಕ್ಕಳೊಂದಿಗೆ ಅಂಗಳ ಸುತ್ತುವ ಕ್ರಮವನ್ನು ತಂದೆವು. ಮೊದಲ ವಾರ ಮೂವರು ಮಕ್ಕಳು ತಲೆ ಸುತ್ತುತ್ತದೆಂದು ಕುಳಿತರು. ವಿಚಾರಿಸಿದರೆ ಮೂವರೂ ಬೆಳಿಗ್ಗೆ ಏನನ್ನೂ ತಿಂದಿರಲಿಲ್ಲ. ತಾಯಂದಿರು ಏಳು ಗಂಟೆಗೇ ಕೂಲಿಗೆ ಹೋಗುತ್ತಿದ್ದರು. ಹಾಗಾಗಿ ಓಟವನ್ನು ಹಾಲು ಕೊಟ್ಟು ಸ್ವಲ್ಪ ಹೊತ್ತಾದ ಮೇಲಕ್ಕೆ ಸರಿಸಿದೆವು. ಮಾರ್ಚ್ ಬಂದೊಡನೆ ಬಿಸಿಲಿನ ಕಾರಣ ಮತ್ತೆ ಬೆಳಗಿಗೆ ತಂದು, ಓಟದ ಬದಲು ನಡಿಗೆ ಮಾಡಿದೆವು. ಆರು, ಏಳನೇ ತರಗತಿಯ ಹೆಣ್ಣುಮಕ್ಕಳು ಹಿಂದೆ ಉಳಿಯುತ್ತಿದ್ದುದಕ್ಕೆ ಸಂಕೋಚಕ್ಕಿಂತ ಲಂಗದ ಸಮವಸ್ತ್ರ ದೊಡ್ಡ ಕಾರಣವಾಗಿತ್ತು. ಚೂಡಿದಾರಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಅವರೇ ಮುಂದಾದರು. ಜಾಲಿಮುಳ್ಳು ಆರಿಸುವ ಕೆಲಸವನ್ನು ಮಾತ್ರ ಮಕ್ಕಳಿಗೆ ಬಿಡದೆ ನಿಮ್ಮ ಸಮಿತಿಯವರೇ ಮಾಡಿ.

ಸ್ಕಾಟ್ಲೆಂಡಿನಲ್ಲಿರುವ ಕನ್ನಡಿಗರೊಬ್ಬರು: ಇಲ್ಲಿ ಇದಕ್ಕೆ ‘ಡೈಲಿ ಮೈಲ್’ ಎಂದು ಹೆಸರು. ಸ್ಟರ್ಲಿಂಗ್ ಪಟ್ಟಣದ ಸೇಂಟ್ ನಿನಿಯನ್ಸ್ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದ ಇಲೇನ್ ವೈಲಿ 2012ರ ಫೆಬ್ರವರಿಯಲ್ಲಿ ಆರಂಭಿಸಿದ್ದು. ಅದೇ 15 ನಿಮಿಷ, ಉಟ್ಟ ಬಟ್ಟೆಯಲ್ಲೇ, ಅವರವರ ವೇಗದಲ್ಲಿ, ಸ್ಪರ್ಧೆಯಿಲ್ಲ. ನನ್ನ ಮಗ ಗೆಳೆಯನೊಂದಿಗೆ ಹರಟುತ್ತ ಓಡುತ್ತಾನೆ. ಆಟದ ತರಗತಿ ಬೇರೆಯಾಗಿಯೇ ಇರುತ್ತದೆ. ಇದು ಬಂತೆಂದು ಅದನ್ನು ಕೈಬಿಟ್ಟಿಲ್ಲ.

ತಾಯಿಯೊಬ್ಬರು: ಒಂದು ಎಚ್ಚರಿಕೆ. ನನ್ನ ಮಗಳು ಓದುತ್ತಿದ್ದ ಶಾಲೆಯೊಂದರಲ್ಲಿ ತೂಕ ನೋಡಿ ಅಂಕಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಮುಂದಿನ ಎರಡು ತಿಂಗಳು ಪಿ.ಟಿ. ಇರುವ ದಿನ ಅವಳಿಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು.

ಅದೇ ದೈಹಿಕ ಶಿಕ್ಷಣ ಶಿಕ್ಷಕರು: ತಾಯಿಯವರ ಮಾತು ಸರಿ. 2019ರ ಆಗಸ್ಟ್ 29ರಂದು ಆರಂಭವಾದ, ಕೇಂದ್ರ ಸರ್ಕಾರದ ಫಿಟ್ ಇಂಡಿಯಾ ಆಂದೋಲನದ ಪರೀಕ್ಷೆಗಳಲ್ಲಿ ಎತ್ತರ-ತೂಕದ ಲೆಕ್ಕ ಒಂದು ಭಾಗ ಮಾತ್ರ. ಚಿಕ್ಕವರಿಗೆ ಒಂಟಿಕಾಲಿನ ಸಮತೋಲನ ಮತ್ತು ಮೇಜಿನ ಮೇಲಿನ ಎರಡು ತಟ್ಟೆಗಳನ್ನು ಕೈಯಿಂದ ಬೇಗಬೇಗ ಮುಟ್ಟುವ ಪರೀಕ್ಷೆ, ದೊಡ್ಡವರಿಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಬಾಗುವುದು ಮುಂತಾದವು ಇವೆ. ತೂಕವನ್ನು ಒಬ್ಬೊಬ್ಬರನ್ನೇ ಕರೆದು ನೋಡಿ, ಪುಸ್ತಕದಲ್ಲಿ ಬರೆದು ಮುಚ್ಚಿಡಿ. 600 ಮೀಟರಿನ ಸಮಯವನ್ನು ಜೂನ್‌ನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಬರೆದು, ಆ ಮಗುವಿನ ಹಿಂದಿನ ಸಮಯದೊಂದಿಗೆ ಮಾತ್ರ ಹೋಲಿಸಿ. ಓಡುವಾಗ ಎದೆನೋವು ಬರುವ, ಏದುಸಿರು ನಿಲ್ಲದ ಮಕ್ಕಳನ್ನು ವೈದ್ಯರಿಗೆ ತೋರಿಸದೆ ಓಡಿಸಬೇಡಿ.

ಕೋರಿಕೆ ಇಟ್ಟವರು: ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಟೇಪು ಹಿಡಿದು ಅಂಗಳ ಅಳೆದೆವು: ಸುತ್ತಳತೆ 120 ಮೀಟರ್, ಅಂದರೆ 600 ಮೀಟರಿಗೆ ಸರಿಯಾಗಿ ಐದು ಸುತ್ತು. ನೀರಿನ ತೊಟ್ಟಿಯ ಹತ್ತಿರ ಕಲ್ಲು ಎದ್ದಿದೆ, ಭಾನುವಾರ ಅದನ್ನು ಕೀಳಿಸುತ್ತೇವೆ. ಸೋಮವಾರದಿಂದ ನಾಲ್ಕನೇ ತರಗತಿಯೊಂದರಲ್ಲೇ ಆರಂಭಿಸೋಣವೆಂದು ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಆ ತರಗತಿಯ ಶಿಕ್ಷಕಿ ತಾವೂ ಜೊತೆಗೆ ನಡೆಯುವುದಾಗಿ ಹೇಳಿದ್ದಾರೆ.